ರಾತ್ರಿ ಎರಡೂವರೆಗೆ ತಾನಾಗಿ ಓಡಿದ ಪಂಪ್: ತೋಟದ ಯಂತ್ರಕ್ಕೆ ಸಿಮ್ ಹಾಕುವ ಮೊದಲು

ಕಳೆದ ವರ್ಷದ ಏಪ್ರಿಲ್. ಬೆಳಿಗ್ಗೆ ಹತ್ತು ಗಂಟೆಗೆ ಸುರತ್ಕಲ್ ಪೇಟೆಯಲ್ಲಿ ನಿಂತು ತೋಟದ ಪಂಪ್‌ಗೆ ‘ಆನ್’ ಅಂತ ಎಸ್‌ಎಂಎಸ್ ಕಳಿಸಿದೆ. ಉತ್ತರ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿದರೆ, ರಾತ್ರಿಯ ಗಾಳಿಗೆ ಲೈನ್ ಮೇಲೆ ಮರ ಬಿದ್ದಿದೆ, ಕರೆಂಟೇ ಇಲ್ಲ ಅಂದರು. ಸರಿ, ಇವತ್ತು ನೀರು ಬಿಡುವುದು ಆಗಲಿಕ್ಕಿಲ್ಲ ಅಂದುಕೊಂಡು ಆ ವಿಷಯ ಅಲ್ಲಿಗೇ ಬಿಟ್ಟೆ.

ಕರೆಂಟ್ ಬಂದದ್ದು ರಾತ್ರಿ ಎರಡೂವರೆಗೆ. ನಾವೆಲ್ಲ ನಿದ್ದೆಯಲ್ಲಿ. ಸೂರಿಂಜೆ ಕಡೆಯ ನಮ್ಮ ತೋಟದ ಬಾವಿಯಲ್ಲಿ ಏಪ್ರಿಲ್ ಹೊತ್ತಿಗೆ ಮುಕ್ಕಾಲು ಗಂಟೆಯ ನೀರು ಮಾತ್ರ ಇರ್ತದೆ. ಬೆಳಿಗ್ಗೆ ಆರಕ್ಕೆ ಎದ್ದು ಹೋದರೆ ಪಂಪ್‌ಶೆಡ್‌ನಿಂದ ಸುಟ್ಟ ವಾಸನೆ. ಮೂರು ಎಚ್‌ಪಿ ಮೋನೋಬ್ಲಾಕ್ ಮೋಟಾರ್ ಒಣ ಬಾವಿಯಲ್ಲಿ ಗಂಟೆಗಟ್ಟಲೆ ಓಡಿ ಕಾಯಿಲ್ ಸುಟ್ಟುಕೊಂಡು ನಿಂತಿತ್ತು. ರೀವೈಂಡಿಂಗ್‌ಗೆ ಐದು ಸಾವಿರದ ಹತ್ತಿರ ಹೋಯಿತು, ಒಂದು ವಾರ ಅಡಿಕೆ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತದ್ದು ಬೇರೆ.

ಯಾರೋ ಬಂದು ಸ್ವಿಚ್ ಹಾಕಿದ್ದಾರೆ ಅಂತಲೇ ಮೊದಲು ಅನುಮಾನ ಬಂತು. ಸ್ಟಾರ್ಟರ್ ಮಾರಿದವರಿಗೆ ಫೋನ್ ಮಾಡಿದೆ. ‘ನೆಟ್‌ವರ್ಕ್ ಪ್ರಾಬ್ಲಂ ಸಾರ್’ ಅಂದು ಇಟ್ಟರು. ಎನ್‌ಐಟಿಕೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಗೆಳೆಯನೊಬ್ಬ ಇದ್ದಾನೆ, ಅವನಿಗೆ ಎಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಬೆಳಿಗ್ಗೆ ಕಳಿಸಿದ ಮೆಸೇಜ್ ಎಲ್ಲಿಗೆ ಹೋಯಿತು ಅಂತ ಅಂದುಕೊಂಡಿದ್ದೀಯ?’

‘ಕರೆಂಟ್ ಇರಲಿಲ್ಲವಲ್ಲ, ಕ್ಯಾನ್ಸಲ್ ಆಯಿತು.’

‘ಕ್ಯಾನ್ಸಲ್ ಆಗ್ಲಿಲ್ಲ ಮಾರಾಯ. ಕಾದು ಕೂತಿತ್ತು.’

ಅವತ್ತಿನಿಂದ ನಾನು ತೋಟಗಾರಿಕೆಯ ಪುಸ್ತಕ ಬದಿಗಿಟ್ಟು ಸ್ವಲ್ಪ ಫೋನ್ ನೆಟ್‌ವರ್ಕ್ ಓದಿದೆ. ಮೊಬೈಲ್ ಸ್ಟಾರ್ಟರ್, ಮಣ್ಣಿನ ತೇವಾಂಶದ ಸೆನ್ಸರ್, ಹವಾಮಾನ ಯಂತ್ರ, ಇವುಗಳ ಜಾಹೀರಾತು ನಿಮ್ಮ ಫೋನಿಗೂ ದಿನಾ ಬರ್ತಿರಬಹುದು. ಕೊಳ್ಳುವ ಮೊದಲು ಇದನ್ನು ಓದಿ.

ಟವರ್ ಒಂದೇ, ದಾರಿ ಮೂರು

ಗುಡ್ಡೆಯ ಮೇಲೆ ಕಾಣುವ ಟವರ್ ನಮಗೆ ಒಂದೇ. ಅದರೊಳಗೆ ನಿಮ್ಮ ಮಾತಿಗೆ ಒಂದು ದಾರಿ, ಎಸ್‌ಎಂಎಸ್‌ಗೆ ಇನ್ನೊಂದು, ಡೇಟಾಕ್ಕೆ ಮತ್ತೊಂದು. ಮೂರರ ಸ್ವಭಾವವೂ ಬೇರೆ.

ಕಾಲ್ ಈಗಲೇ ಆಗಬೇಕು, ಇಲ್ಲವಾದರೆ ಇಲ್ಲವೇ ಇಲ್ಲ. ಆ ಕಡೆಯ ಸಿಮ್ ಸ್ವಿಚ್ ಆಫ್ ಆಗಿದ್ದರೆ ನಿಮಗೆ ಆ ಕ್ಷಣವೇ ಗೊತ್ತಾಗ್ತದೆ, ಆ ಕಾಲ್ ನಾಳೆ ಹೋಗಿ ರಿಂಗ್ ಆಗುವುದಿಲ್ಲ. ಮಿಸ್ಡ್ ಕಾಲ್ ಕೊಟ್ಟರೆ ಓಡುವ, ಕಾಲ್ ಮಾಡಿ ಗುಂಡಿ ಒತ್ತಿದರೆ ಓಡುವ ಸ್ಟಾರ್ಟರ್‌ಗಳು ಈ ದಾರಿಯವು. ಪುಣೆಯ ಸಂತೋಷ್ ಓಸ್ತ್ವಾಲ್ ಅವರ ‘ನ್ಯಾನೋ ಗಣೇಶ್’ ಈ ಜಾತಿಯಲ್ಲಿ ಹೆಸರಾದದ್ದು. 2009ರಲ್ಲಿ ನೋಕಿಯಾ ಕಂಪೆನಿಯ ಸ್ಪರ್ಧೆಯಲ್ಲಿ ಬಹುಮಾನವನ್ನೂ ಪಡೆಯಿತು. ಹಳೇ ಕಾಲದ್ದು ಅಂತ ಈಗ ನಗುವವರುಂಟು. ‘ಈಗ ಅಥವಾ ಇಲ್ಲ’ ಎಂಬ ಗುಣ ಪಂಪ್‌ಗೆ ಬಹಳ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಎಸ್‌ಎಂಎಸ್ ಹಾಗಲ್ಲ. ಅದು ನಿಮ್ಮ ಫೋನಿಂದ ನೇರ ಪಂಪ್‌ಗೆ ಹೋಗುವುದಿಲ್ಲ, ಕಂಪೆನಿಯ ಸಂದೇಶ ಕೇಂದ್ರಕ್ಕೆ ಹೋಗಿ ಅಲ್ಲಿ ಇಳಿಯುತ್ತದೆ. ಆ ಕಡೆಯ ಸಿಮ್ ಸಿಗದಿದ್ದರೆ ಕೇಂದ್ರ ಅದನ್ನು ಇಟ್ಟುಕೊಂಡು ಕಾಯ್ತದೆ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ. ಸಿಮ್ ಜೀವ ಬಂದು ಟವರ್‌ಗೆ ‘ನಾನಿದ್ದೇನೆ’ ಅಂದ ಕೂಡಲೇ ತಲುಪಿಸ್ತದೆ. ನನ್ನ ತೋಟದಲ್ಲಿ ಆದದ್ದು ಇಷ್ಟೇ: ಎರಡೂವರೆಗೆ ಕರೆಂಟ್ ಬಂತು, ಸ್ಟಾರ್ಟರ್ ಎದ್ದಿತು, ಸಿಮ್ ಹಾಜರಿ ಹಾಕಿತು, ಹದಿನಾರು ಗಂಟೆ ಹಳೆಯ ‘ಆನ್’ ಬಂದು ಬಿತ್ತು, ಮೋಟಾರ್ ಓಡಿತು. ನೆಟ್‌ವರ್ಕ್ ಏನೂ ತಪ್ಪು ಮಾಡಲಿಲ್ಲ. ಅದರ ಕೆಲಸವೇ ಅದು.

ಮರುದಿನ ನಮ್ಮ ಕೆಲಸದ ಅಣ್ಣ ಫುಟ್‌ವಾಲ್ವ್ ಕ್ಲೀನ್ ಮಾಡಲು ಬಾವಿಗೆ ಇಳಿಯುವವರಿದ್ದರು. ಕರೆಂಟ್ ರಾತ್ರಿಯ ಬದಲು ಆ ಹೊತ್ತಿಗೆ ಬಂದಿದ್ದರೆ? ಇವತ್ತಿಗೂ ನೆನೆಸಿದರೆ ಬೆವರು ಬರ್ತದೆ. ಮೊಬೈಲ್ ಸ್ಟಾರ್ಟರ್ ಇರುವ ಬಾವಿಗೆ ಯಾರು ಇಳಿಯುವುದಿದ್ದರೂ ಮೇನ್ ಸ್ವಿಚ್ ತೆಗೆದು, ಫ್ಯೂಸ್ ಕಿತ್ತು ಕಿಸೆಯಲ್ಲಿ ಹಾಕಿಕೊಂಡೇ ಇಳಿಯಿರಿ. ‘ಫೋನಲ್ಲಿ ಆಫ್ ಮಾಡಿದ್ದೇನೆ’ ಎನ್ನುವುದು ಆಫ್ ಅಲ್ಲ.

ಒಂದು ಸಂಗತಿ ಮಾರುವವರು ಹೇಳುವುದಿಲ್ಲ. ಪ್ರತಿ ಎಸ್‌ಎಂಎಸ್ ಜೊತೆ ಸಂದೇಶ ಕೇಂದ್ರ ಹೊತ್ತಿನ ಮುದ್ರೆ ಹಾಕಿ ಕಳಿಸುತ್ತದೆ, ಪೋಸ್ಟ್ ಆಫೀಸಿನ ಸೀಲ್ ಇದ್ದ ಹಾಗೆ. ಒಳ್ಳೆಯ ಸ್ಟಾರ್ಟರ್ ಆ ಸೀಲ್ ನೋಡಿ, ತನ್ನ ಗಡಿಯಾರ ನೋಡಿ, ಐದು ನಿಮಿಷಕ್ಕಿಂತ ಹಳೆಯದಾದರೆ ಬಿಸಾಡಬೇಕು. ಅಗ್ಗದವು ನೋಡುವುದಿಲ್ಲ. ಪರೀಕ್ಷೆ ಸುಲಭ. ಮೋಟಾರ್‌ನ ವಯರ್ ಬಿಚ್ಚಿ ಸ್ಟಾರ್ಟರ್ ಮಾತ್ರ ಇಟ್ಟುಕೊಳ್ಳಿ. ಅದನ್ನು ಆಫ್ ಮಾಡಿ ‘ಆನ್’ ಮೆಸೇಜ್ ಕಳಿಸಿ, ಅರ್ಧ ಗಂಟೆ ಬಿಟ್ಟು ಕರೆಂಟ್ ಕೊಡಿ. ಕಾಂಟ್ಯಾಕ್ಟರ್ ‘ಟಕ್’ ಅಂದರೆ ಆ ಪೆಟ್ಟಿಗೆ ವಾಪಸ್ ಕೊಡಿ.

ಮೂರನೆಯದು ಡೇಟಾ. ಆಪ್‌ನಲ್ಲಿ ಓಡುವ ಸ್ಟಾರ್ಟರ್‌ಗಳೆಲ್ಲ ಇದೇ. ಇದರಲ್ಲಿ ಮಾಹಿತಿಯನ್ನು ಸಣ್ಣ ಸಣ್ಣ ಕಟ್ಟು ಮಾಡುತ್ತಾರೆ, ಪ್ಯಾಕೆಟ್ ಅಂತ ಹೆಸರು. ಪ್ರತಿ ಕಟ್ಟಿನ ಮೇಲೆ ವಿಳಾಸ, ನಂಬರ್. ತಲುಪಿದರೆ ಆ ಕಡೆಯಿಂದ ‘ಸಿಕ್ಕಿತು’ ಅಂತ ಬರಬೇಕು, ಬಾರದಿದ್ದರೆ ಮತ್ತೆ ಕಳಿಸ್ತದೆ. ಯಂತ್ರ ಸಿಗದಿದ್ದರೆ ಆಪ್‌ಗೆ ಕೂಡಲೇ ಗೊತ್ತಾಗಬೇಕು. ‘ಬೇಕು’ ಅಂದೆ, ಯಾಕೆಂದರೆ ಕೆಲವು ಆಪ್ ಕೊನೆಗೆ ತಿಳಿದದ್ದನ್ನೇ ಹಸಿರು ದೀಪ ಮಾಡಿ ತೋರಿಸ್ತಾ ಇರ್ತವೆ. ಆ ದೀಪದ ಪಕ್ಕ ಎಷ್ಟು ಹೊತ್ತಿನ ಮಾಹಿತಿ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಅದು ದೀಪ ಅಲ್ಲ, ಚಿತ್ರ.

ಸರದಿಯ ನೀರು, ಸರದಿಯ ಗಾಳಿ

ಮಾತು ಮತ್ತು ಡೇಟಾ ಒಂದೇ ಟವರ್‌ನಲ್ಲಿ ಹೇಗೆ ಬಾಳುತ್ತವೆ? ನಮ್ಮ ಕಡೆ ತೋಡಿಗೆ ಕಟ್ಟ ಹಾಕಿ ಸರದಿಯಲ್ಲಿ ನೀರು ಬಿಟ್ಟುಕೊಳ್ಳುವುದು ಗೊತ್ತಲ್ಲ, ಹಾಗೇ. 2ಜಿಯಲ್ಲಿ 200 ಕಿಲೋಹರ್ಟ್ಸ್ ಅಗಲದ ಒಂದು ಪಟ್ಟಿಯನ್ನು ಎಂಟು ಸರದಿಯಾಗಿ ಹಂಚುತ್ತಾರೆ. ಎಂಟೂ ಸರದಿ ಒಂದು ಸುತ್ತು ಬರಲು 4.6 ಮಿಲಿಸೆಕೆಂಡ್, ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಸುತ್ತು. ಒಬ್ಬ ಮಾತಾಡುತ್ತಿದ್ದರೆ ಒಂದು ಸರದಿ ಅವನಿಗೆ ಮೀಸಲು, ಅವನು ಸುಮ್ಮನೆ ‘ಹೂಂ’ ಅಂತ ಕೂತಿದ್ದರೂ ಸರಿ. ಯಾರೂ ಹಿಡಿಯದ ಸರದಿಯಲ್ಲಿ ಡೇಟಾದ ಕಟ್ಟುಗಳು ಹೋಗುತ್ತವೆ. ಜಿಪಿಆರ್‌ಎಸ್ ಅಂದರೆ ಇದೇ. ಮಾತಿಗಾಗಿ ಕಟ್ಟಿದ ಜಾಲದ ಖಾಲಿ ಜಾಗದಲ್ಲಿ ಡೇಟಾ ತುರುಕುವ ಈ ಉಪಾಯ ಹೊಸದಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ, ಇನ್ನೂ ಅನಲಾಗ್ ಫೋನ್ ಇದ್ದಾಗಲೇ, ಸಿಡಿಪಿಡಿ ಎಂಬ ಹೆಸರಲ್ಲಿ ಮಾಡಿದ್ದರು. ವೇಗ ಸೆಕೆಂಡಿಗೆ 19.2 ಕಿಲೋಬಿಟ್.

ಮಾತಿಗೆ ಮೊದಲ ಹಕ್ಕು. ಊರಲ್ಲಿ ಕೋಲವೋ ಜಾತ್ರೆಯೋ ಇದ್ದು ಎಲ್ಲರೂ ಫೋನ್ ಹಿಡಿದಿದ್ದರೆ 2ಜಿ ಡೇಟಾದ ಸರದಿ ಕಡಿಮೆಯಾಗ್ತದೆ, ಪಂಪ್‌ನ ಆಪ್ ಸುತ್ತುತ್ತಾ ಕೂರ್ತದೆ. ಕಾಲ್ ಬಂದಾಗ ಡೇಟಾ ನಿಲ್ಲಿಸಿಬಿಡುವ 2ಜಿ ಯಂತ್ರಗಳೂ ಇವೆ. 4ಜಿಯಲ್ಲಿ ಈ ಜಗಳ ಇಲ್ಲ. ಅಲ್ಲಿ ಎಲ್ಲವೂ ಪ್ಯಾಕೆಟ್ಟೇ, ನಿಮ್ಮ ಮಾತು ಕೂಡ.

ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮೂರು ಫೇಸ್‌ನ ವೋಲ್ಟೇಜ್, ಕರೆಂಟ್, ಮೋಟಾರ್ ಓಡ್ತಿದೆಯೋ ಇಲ್ಲವೋ, ಇಷ್ಟಕ್ಕೆ ನೂರು ಬೈಟ್ ಸಾಕು. ವಿಳಾಸದ ಭಾರ ಸೇರಿಸಿ ಇನ್ನೂರು ಅನ್ನಿ. ಐದು ನಿಮಿಷಕ್ಕೊಮ್ಮೆ ಕಳಿಸಿದರೆ ದಿನಕ್ಕೆ 288 ಸಲ, ತಿಂಗಳಿಗೆ ಎರಡು ಎಂಬಿಯ ಆಸುಪಾಸು. ಬೆಳಿಗ್ಗೆ ವಾಟ್ಸಾಪಿಗೆ ಬರುವ ನಾಲ್ಕು ಗುಡ್ ಮಾರ್ನಿಂಗ್ ವಿಡಿಯೊ ಅದಕ್ಕಿಂತ ದೊಡ್ಡವು. ‘5ಜಿ ರೆಡಿ’ ಅಂತ ಸ್ಟಾರ್ಟರ್‌ಗೆ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ.

ಯಾವ ಸಿಮ್?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ‘ಜಿಯೋ ಹಾಕಿದೆ, ನೆಟ್‌ವರ್ಕೇ ತೋರಿಸುವುದಿಲ್ಲ’ ಅಂತ. ಜಿಯೋ 2016ರಲ್ಲಿ ಬಂದದ್ದೇ 4ಜಿಯಾಗಿ, ಅದಕ್ಕೆ 2ಜಿ, 3ಜಿ ಎರಡೂ ಇಲ್ಲ. ನಿಮ್ಮ ಸ್ಟಾರ್ಟರ್‌ನೊಳಗೆ 2ಜಿ ಮಾಡ್ಯೂಲ್ ಇದ್ದರೆ ಜಿಯೋ ಟವರ್ ಬಾವಿಯ ದಂಡೆಯಲ್ಲೇ ಇದ್ದರೂ ಅದಕ್ಕೆ ಕಾಣುವುದಿಲ್ಲ. ಪೆಟ್ಟಿಗೆ ತೆರೆಸಿ ಒಳಗಿನ ಬೋರ್ಡ್ ನೋಡಿ, ಅಂಚೆಚೀಟಿಯಷ್ಟು ದೊಡ್ಡ ತಗಡಿನ ಮುಚ್ಚಳದ ಮೇಲೆ ಹೆಸರು ಬರೆದಿರ್ತದೆ. ‘ಸಿಮ್ 800’ ಅಥವಾ ‘ಸಿಮ್ 900’ ಅಂತಿದ್ದರೆ ಅದು 2ಜಿ ಮಾತ್ರ. ಏರ್‌ಟೆಲ್, ವಿಐ ತಮ್ಮ 3ಜಿ ತೆಗೆದು 2ಜಿ ಉಳಿಸಿಕೊಂಡ ಕಾರಣ ಅಂಥ ಪೆಟ್ಟಿಗೆಗಳು ಇನ್ನೂ ಬದುಕಿವೆ. ಬಿಎಸ್‌ಎನ್‌ಎಲ್ ಕೂಡ 2025ರ ಸೆಪ್ಟೆಂಬರ್‌ನಲ್ಲಿ ಸ್ವದೇಶಿ 4ಜಿ ಉದ್ಘಾಟನೆ ಮಾಡಿದೆ. ಎಲ್ಲರ ಮುಖವೂ 4ಜಿ ಕಡೆಗೆ. ಹೊಸದಾಗಿ ಕೊಳ್ಳುವವರು 4ಜಿ ಇದ್ದು, ಅದು ಸಿಗದಾಗ 2ಜಿಗೆ ಇಳಿಯುವ ಮಾಡ್ಯೂಲ್ ಇರುವುದನ್ನೇ ಕೇಳಿ. ‘ಕ್ಯಾಟ್-1’ ಅಂದರೆ ಅಂಗಡಿಯವರಿಗೆ ಗೊತ್ತಾಗ್ತದೆ. ಮಿಸ್ಡ್ ಕಾಲ್‌ನಿಂದಲೂ ಓಡಬೇಕು, ಸಿಮ್ ಜಿಯೋದ್ದೇ ಅಂತಾದರೆ ಆ ಮಾಡ್ಯೂಲ್‌ಗೆ ವೋಲ್ಟೆ ಬರುತ್ತದಾ ಅಂತ ಕೇಳಬೇಕು. ಡೇಟಾ ಬರ್ತದೆ, ಕಾಲ್ ಮಾತ್ರ ಬರುವುದಿಲ್ಲ ಅನ್ನುವ ಗೋಳು ನೋಡಿದ್ದೇನೆ.

ರೀಚಾರ್ಜ್ ವಿಷಯ. ಕಾಲ್ ಅಥವಾ ಎಸ್‌ಎಂಎಸ್‌ನಲ್ಲಿ ಓಡುವ ಪೆಟ್ಟಿಗೆಗೆ ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕುವುದು ದಂಡ. ಡೇಟಾ ಇಲ್ಲದ, ಮಾತು ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಕೊಡಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು, ಜನವರಿಯಿಂದ ಕಂಪೆನಿಗಳು ಅಂಥ ಪ್ಯಾಕ್ ತಂದಿವೆ. ಆಪ್‌ನ ಮೂಲೆಯಲ್ಲಿ ಎಲ್ಲೋ ಇರ್ತದೆ, ಹುಡುಕಿ. ಕೆಲವು ಯಂತ್ರದ ಜೊತೆ ಕಂಪೆನಿಯೇ 13 ಅಂಕಿಯ ಸಿಮ್ ಹಾಕಿ ಕೊಡುತ್ತದೆ. ಅದು ಯಂತ್ರಗಳಿಗೆಂದೇ ಇರುವ ನಂಬರ್. ಚಂದಾ ಎಷ್ಟು ವರ್ಷದ್ದು, ಮುಗಿದ ಮೇಲೆ ಎಷ್ಟು ಕೊಡಬೇಕು ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಾದರೆ 70 ಮಾತ್ರ. ಅದರಲ್ಲೂ ‘ಕ್ಷೇ’ ನಮಗೆ ಒಂದು ಅಕ್ಷರ, ಫೋನಿನ ಲೆಕ್ಕಕ್ಕೆ ನಾಲ್ಕು. ಕನ್ನಡದ ಎಚ್ಚರಿಕೆ ಮೆಸೇಜು ಎರಡು ಮೂರು ತುಂಡಾಗಿ, ತುಂಡಿಗೊಂದು ಲೆಕ್ಕವಾಗಿ ಹೋಗುವುದು ಇದಕ್ಕೇ. ಬೇಜಾರಿನ ಸಂಗತಿ, ಆದರೂ ಪಂಪ್‌ಗೆ ನಾನು ಅಂಕಿಯಲ್ಲೇ ಆಜ್ಞೆ ಕೊಡುವುದು.

ಮೇಲೆ ಪದವು, ಕೆಳಗೆ ಬೈಲು

ನಮ್ಮ ಕರಾವಳಿಯ ತೋಟಗಳ ತೊಂದರೆ ಬೇರೆಯೇ. ಟವರ್ ಇರುವುದು ಮೇಲೆ ಪದವಿನಲ್ಲಿ, ಬಾವಿ ಇರುವುದು ಕೆಳಗೆ ಬೈಲಿನಲ್ಲಿ, ನಡುವೆ ಮುರಕಲ್ಲಿನ ಗುಡ್ಡೆ ಮತ್ತು ದಟ್ಟ ಅಡಿಕೆ ತೋಟ. ಮಳೆಗಾಲದಲ್ಲಿ ಎಲೆಯೆಲ್ಲ ಒದ್ದೆ. 900 ಮೆಗಾಹರ್ಟ್ಸ್ ಅಲೆ ಇದನ್ನು ದಾಟುವಷ್ಟು 1800, 2300ರ ಅಲೆಗಳು ದಾಟುವುದಿಲ್ಲ. ಅದಕ್ಕೇ ಮನೆಯಂಗಳದಲ್ಲಿ 4ಜಿ ಪೂರ್ತಿ ಕಡ್ಡಿ ಇದ್ದು ಪಂಪ್‌ಶೆಡ್‌ನಲ್ಲಿ 2ಜಿ ಮಾತ್ರ ಸಿಗುವುದು.

ಸ್ಟಾರ್ಟರ್‌ಗೆ ‘ಸ್ಟೇಟಸ್’ ಕೇಳಿದರೆ ಬರುವ ಉತ್ತರದಲ್ಲಿ ಸಿಗ್ನಲ್ ಅಂತ ಒಂದು ಅಂಕಿ ಇರಬಹುದು, 0ಯಿಂದ 31ರವರೆಗೆ. ನನ್ನ ಅನುಭವದಲ್ಲಿ 12ರ ಮೇಲಿದ್ದರೆ ನೆಮ್ಮದಿ, 8ರ ಕೆಳಗೆ ತೊಂದರೆ. 99 ಅಂದರೆ ಬಹಳ ಚೆನ್ನಾಗಿದೆ ಅಂತ ಅಲ್ಲ, ಅಳೆಯಲಿಕ್ಕೇ ಆಗಲಿಲ್ಲ ಅಂತ. ಸಿಗ್ನಲ್ ಕಡಿಮೆಯಾದಷ್ಟೂ ಮಾಡ್ಯೂಲ್ ಜೋರಾಗಿ ಕೂಗಬೇಕು. 2ಜಿ ಮಾಡ್ಯೂಲ್ ಹಾಗೆ ಕೂಗುವ ಕ್ಷಣದಲ್ಲಿ ಎರಡು ಆಂಪಿಯರ್‌ವರೆಗೂ ಎಳೆಯುತ್ತದೆ. ಒಳಗಿನ ಪವರ್ ಸಪ್ಲೈ ಸಣ್ಣದಾದರೆ ಅಲ್ಲೇ ಸತ್ತು ಮತ್ತೆ ಹುಟ್ತದೆ. ಮಾರುವವರು ಇದಕ್ಕೂ ‘ನೆಟ್‌ವರ್ಕ್ ಪ್ರಾಬ್ಲಂ’ ಅಂತಲೇ ಹೇಳುವುದು.

ಮೊದಲು ತಗಡಿನ ಪೆಟ್ಟಿಗೆಯೊಳಗಿರುವ ಆಂಟೆನಾ ಹೊರಗೆ ತೆಗೆದು ಎತ್ತರಕ್ಕೆ ಕಟ್ಟಿ ನೋಡಿ. ವಯರ್ ಉದ್ದವಾದಷ್ಟೂ ಸಿಗ್ನಲ್ ವಯರ್‌ನಲ್ಲೇ ಸೋರ್ತದೆ, ಮೂರು ಮೀಟರ್ ಮೀರಿದರೆ ಲಾಭ ಕಡಿಮೆ. ಅದಕ್ಕೂ ಬಗ್ಗದಿದ್ದರೆ ನಾನು ಮಾಡಿದ ದಾರಿ ಇದೆ: ಸಿಮ್ ಇರುವ ಪೆಟ್ಟಿಗೆಯನ್ನು ಮನೆಯ ಮಾಡಿನ ಕೆಳಗೆ ಇಟ್ಟು, ಅಲ್ಲಿಂದ ಪಂಪ್‌ಶೆಡ್‌ಗೆ ಲೋರಾ ರೇಡಿಯೊ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ವರೆಗೆ ಕಡಿಮೆ ಶಕ್ತಿಯ ರೇಡಿಯೊಗೆ ಲೈಸೆನ್ಸ್ ಬೇಡ. ವೇಗ ಬಸವನಹುಳದ್ದು, ಆದರೆ ತೋಟ ದಾಟಿ ಹೋಗ್ತದೆ.

ಪಂಚಾಯಿತಿಯ ಮಳೆಮಾಪಕವೂ ಸಿಮ್ ಮೇಲೆಯೇ

ಪಂಪ್ ಇಲ್ಲದವರಿಗೂ ಈ ಪ್ಯಾಕೆಟ್ ವಿಷಯ ತಟ್ಟುವ ಒಂದು ಕಡೆ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದದ್ದು. ಈಗ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅದರ ಆರು ಸಾವಿರಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳಿವೆ. ಸೋಲಾರ್ ಪ್ಲೇಟ್, ಒಂದು ಕೊಳವೆ, ಒಳಗೆ ತೂಗಿ ಮಗುಚುವ ಸಣ್ಣ ಬಟ್ಟಲು, ಅದರ ಜೊತೆ ಒಂದು ಸಿಮ್. ಬಟ್ಟಲು ಎಷ್ಟು ಸಲ ಮಗುಚಿತು ಅನ್ನುವುದೇ ಮಳೆಯ ಲೆಕ್ಕ. 15 ನಿಮಿಷಕ್ಕೊಮ್ಮೆ ಅದು ಮೊಬೈಲ್ ನೆಟ್‌ವರ್ಕ್ ಮೂಲಕ ಬೆಂಗಳೂರಿಗೆ ಹೋಗ್ತದೆ, ದಿನಕ್ಕೆ 96 ಪ್ಯಾಕೆಟ್. ‘ವರುಣ ಮಿತ್ರ’ ಸಹಾಯವಾಣಿಗೆ (92433 45433) ಫೋನ್ ಮಾಡಿ ಬೋರ್ಡೋ ಹೊಡೆಯಬಹುದಾ, ಮಳೆ ಉಂಟಾ ಅಂತ ಕೇಳಿದಾಗ ಅವರ ಮುಂದೆ ಇರುವ ಲೆಕ್ಕದಲ್ಲಿ ಈ ಪ್ಯಾಕೆಟ್‌ಗಳೂ ಸೇರಿವೆ.

ನಮ್ಮ ಜಿಲ್ಲೆಯ ಅಡಿಕೆ, ಕಾಳುಮೆಣಸು ಬೆಳೆಗಾರರಿಗೆ ಇದರಲ್ಲಿ ದುಡ್ಡಿನ ಪ್ರಶ್ನೆಯೂ ಇದೆ. ಹವಾಮಾನ ಆಧಾರಿತ ಬೆಳೆ ವಿಮೆಗೆ ಈಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 6,400 ರೂಪಾಯಿ ಕಟ್ಟುತ್ತೇವೆ, ವಿಮಾ ಮೊತ್ತ 1,28,000. ಪರಿಹಾರ ನಿರ್ಧಾರ ಆಗುವುದು ನಿಮ್ಮ ತೋಟಕ್ಕೆ ಬಂದು ಕೊಳೆ ಬಿದ್ದ ಕಾಯಿ ಎಣಿಸಿ ಅಲ್ಲ, ಪಂಚಾಯಿತಿಯ ಹವಾಮಾನ ಲೆಕ್ಕದ ಮೇಲೆ.

ಇಲ್ಲಿ ಒಂದು ಸೂಕ್ಷ್ಮ. ‘ಮಳೆ ಸೊನ್ನೆ’ ಮತ್ತು ‘ಮಾಹಿತಿ ಬಂದಿಲ್ಲ’ ಒಂದೇ ಅಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ಟವರ್‌ಗೆ ಕರೆಂಟ್ ಹೋಗಿ ಎರಡು ದಿನ ಸಿಗ್ನಲ್ ಇಲ್ಲದಿದ್ದರೆ, ಯಂತ್ರದ ಪ್ಯಾಕೆಟ್ ಹೊರಡುವುದಿಲ್ಲ. ಮಳೆ ಜೋರಾದಾಗಲೇ ನೆಟ್‌ವರ್ಕ್ ಹೋಗುವುದು, ನೋಡಿ. ಒಳಗಿನ ಲಾಗರ್ ಲೆಕ್ಕ ಹಿಡಿದಿಟ್ಟು ಆಮೇಲೆ ಕಳಿಸಿದರೆ ಮಳೆ ಉಳಿಯಿತು. ಕಳಿಸದಿದ್ದರೆ ಆ ಜಾಗ ಖಾಲಿ, ಆ ಖಾಲಿಯನ್ನು ಯಾರಾದರೂ ಸೊನ್ನೆ ಅಂತ ಓದಿದರೆ ನಮ್ಮ ಬೈಲಿನಲ್ಲಿ ಎರಡು ದಿನ ಬಿಸಿಲು ಕಾದ ಹಾಗೆ!

ಅದಕ್ಕೆ ಅಂಗಳದಲ್ಲಿ ಒಂದು ಸಾದಾ ಮಳೆಮಾಪಕ ಇಡಿ, ಮರದ ಅಡಿಯಲ್ಲಲ್ಲ. ಹವಾಮಾನ ಇಲಾಖೆಯ ಹಾಗೆ ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆದು ಫೋಟೊ ಹೊಡೆದಿಡಿ. ನಿಮ್ಮ ಪುಸ್ತಕ ನೋಡಿ ವಿಮೆಯವರು ದುಡ್ಡು ಕೊಡುವುದಿಲ್ಲ. ಆದರೆ ‘ಈ ಎರಡು ದಿನ ಇಲ್ಲಿ ಸೊನ್ನೆ ಇದೆಯಲ್ಲ, ಮಳೆ ಬಂದಿಲ್ಲವೋ ಮಾಹಿತಿ ಬಂದಿಲ್ಲವೋ?’ ಅಂತ ಬರಹದಲ್ಲಿ ಕೇಳಲು ಕೈಯಲ್ಲಿ ತಾರೀಕು ಇರಬೇಕು.

ನಿಮ್ಮದೇ ಸೆನ್ಸರ್ ಕೊಳ್ಳುವುದಾದರೂ ಇದೇ ಪ್ರಶ್ನೆ ಕೇಳಿ. ಸಿಗ್ನಲ್ ಹೋದಾಗ ಲೆಕ್ಕ ಹಿಡಿದಿಡ್ತದಾ? ನೀರಿನ ಮೀಟರ್ ಆದರೆ ‘ಈ ಐದು ನಿಮಿಷಕ್ಕೆ ಇಷ್ಟು’ ಅಂತ ಕಳಿಸ್ತದಾ, ‘ಇಲ್ಲಿವರೆಗೆ ಒಟ್ಟು ಇಷ್ಟು’ ಅಂತಲಾ? ಒಟ್ಟು ಕಳಿಸುವುದೇ ಬೇಕು. ಮನೆಯ ಕರೆಂಟ್ ಮೀಟರ್ ರೀಡಿಂಗ್ ಒಂದು ತಿಂಗಳು ತಪ್ಪಿದರೂ ಮುಂದಿನ ತಿಂಗಳು ಲೆಕ್ಕ ಸಿಗ್ತದಲ್ಲ, ಹಾಗೆ ಹತ್ತು ಪ್ಯಾಕೆಟ್ ಕಳೆದುಹೋದರೂ ಹನ್ನೊಂದನೆಯದರಲ್ಲಿ ಎಲ್ಲ ಇರ್ತದೆ.

ಈಗ ನನ್ನ ಪಂಪ್‌ಶೆಡ್‌ನಲ್ಲಿ ಬೇರೆ ಸ್ಟಾರ್ಟರ್ ಇದೆ. ನೀರಿಲ್ಲದೆ ಓಡಿದರೆ ಕರೆಂಟ್ ಎಳೆತ ಕಡಿಮೆಯಾದದ್ದು ನೋಡಿ ಅದೇ ನಿಲ್ಲಿಸ್ತದೆ, ನನ್ನನ್ನೂ ಕೇಳುವುದಿಲ್ಲ, ಟವರನ್ನೂ ಕೇಳುವುದಿಲ್ಲ. ಆನ್ ಮಾಡಿದರೆ ನಲವತ್ತು ನಿಮಿಷಕ್ಕೆ ತಾನೇ ಆಫ್. ಡೇಟಾದಲ್ಲಿ ಮಾತಾಡ್ತದೆ, ಡೇಟಾ ಇಲ್ಲದಾಗ ಎಸ್‌ಎಂಎಸ್‌ಗೆ ಇಳೀತದೆ, ಹಳೆಯ ಎಸ್‌ಎಂಎಸ್ ಆದರೆ ಬಿಸಾಡಿ ನನಗೆ ವರದಿ ಕೊಡ್ತದೆ. ಮೊನ್ನೆ ಸಿಡಿಲಿಗೆ ಹೋದ ಕರೆಂಟ್ ರಾತ್ರಿ ಹನ್ನೊಂದಕ್ಕೆ ಬಂತು, ನನ್ನ ಫೋನ್ ‘ಟಿಂಗ್’ ಅಂದಿತು.

‘ಇಷ್ಟೊತ್ತಿಗೆ ಯಾರದ್ದು ಮೆಸೇಜು?’ ಅಂತ ಅಮ್ಮ ಒಳಗಿನಿಂದ ಕೇಳಿದರು.

‘ಪಂಪಿನದ್ದು. ಸಂಜೆಯ ಮೆಸೇಜ್ ಹಳತಾಯಿತಂತೆ, ಓಡುವುದಿಲ್ಲವಂತೆ.’

‘ಹಾಗಾದರೆ ಮಲಗು.’